ಹಳೆಯ ವಸತಿ ಕಟ್ಟಡಗಳಲ್ಲಿ ಬಿಸಿ ಉಪಕರಣಗಳ ವಿದ್ಯುತ್ ಹೊರೆ: ಲೆಕ್ಕ ಮತ್ತು ಕ್ರಮ

ದೀಪ, ಫ್ಯಾನ್, ರೇಡಿಯೊಗಳನ್ನಷ್ಟೇ ಎಣಿಸಿ ವೈರಿಂಗ್ ಮಾಡಿದ ಹಳೆಯ ಮನೆಗೋ ಅಪಾರ್ಟ್‌ಮೆಂಟಿಗೋ ಗೀಸರ್, ಇಂಡಕ್ಷನ್ ಒಲೆ, ರೂಮ್ ಹೀಟರ್ ಸೇರಿಸುವ ಮುನ್ನ ಮಾಡಬೇಕಾದ ಲೆಕ್ಕ ಇದು. ಆ ಕಟ್ಟಡದ ತಂತಿ, ಫ್ಯೂಸ್, ಮೀಟರ್, ಸರ್ವಿಸ್ ಮತ್ತು ಟ್ರಾನ್ಸ್‌ಫಾರ್ಮರ್ ಎಷ್ಟು ಹೊರೆ ತಾಳುತ್ತವೆ ಎಂಬುದನ್ನು ಇದು ತಿಳಿಸುತ್ತದೆ. ಚಳಿ ದೇಶಗಳಲ್ಲಿ ಇದು ಕೋಣೆ ಬೆಚ್ಚಗಿಡುವ ಪ್ರಶ್ನೆ. ದಕ್ಷಿಣ ಕರ್ನಾಟಕದಲ್ಲಿ ಕೋಣೆಗೆ ಬಿಸಿ ಬೇಕಾಗುವುದು ಕಡಿಮೆ, ಹಾಗಾಗಿ ಇಲ್ಲಿ ಪ್ರಶ್ನೆ ಮುಖ್ಯವಾಗಿ ಸ್ನಾನದ ನೀರಿನದು ಮತ್ತು ಅಡುಗೆಯದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಇವುಗಳ ಜೊತೆಗೆ ರೇಷ್ಮೆ ಹುಳುವಿನ ಮನೆಯ ಬಿಸಿಯೂ ಸೇರುತ್ತದೆ. ಬಿಸಿ ಉಪಕರಣಗಳ ಲೆಕ್ಕವನ್ನು ದಿನದ ಒಟ್ಟು ಯೂನಿಟ್ಟಿನಲ್ಲಿ ಮಾಡಿದರೆ ದಾರಿ ತಪ್ಪುತ್ತದೆ. ಎಲ್ಲರಿಗೂ ಒಟ್ಟಿಗೆ ಬಿಸಿ ಬೇಕಾಗುವ ಆ ಒಂದು ಗಂಟೆಯನ್ನೇ ಹಿಡಿದು ಲೆಕ್ಕ ಹಾಕಬೇಕು.

ಇತಿಹಾಸ

ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. ಬೆಂಗಳೂರಿನ ಬೀದಿಗಳಿಗೆ ಆ ವಿದ್ಯುತ್ತಿನ ಬೆಳಕು ಬಂದದ್ದು 1905ರಲ್ಲಿ. ಅಲ್ಲಿಂದ ಅನೇಕ ದಶಕಗಳವರೆಗೆ ಮನೆಯ ಕರೆಂಟ್ ಎಂದರೆ ದೀಪದ ಕರೆಂಟ್. ನೀರು ಕಾಯುತ್ತಿದ್ದದ್ದು ಬಚ್ಚಲುಮನೆಯ ತಾಮ್ರದ ಹಂಡೆಯಲ್ಲಿ, ಸೌದೆ ಅಥವಾ ತೆಂಗಿನ ಮಟ್ಟೆಯ ಉರಿಯಲ್ಲಿ.

1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ, ಜನರ ಬಾಯಲ್ಲಿ ಕೆಇಬಿ, ಸ್ಥಾಪನೆಯಾಯಿತು. 1960ರ ದಶಕದ ನಡುವಿನಿಂದ ಶರಾವತಿಯ ವಿದ್ಯುತ್ ಹರಿದುಬಂತು. ಬರೀ ದೀಪದ ಸಂಪರ್ಕಕ್ಕೂ ಅಡುಗೆ, ನೀರು ಕಾಯಿಸುವುದೂ ಸೇರಿದ ಎಇಎಚ್ (ಆಲ್ ಎಲೆಕ್ಟ್ರಿಕ್ ಹೋಮ್) ಸಂಪರ್ಕಕ್ಕೂ ಕೆಇಬಿ ದರಪಟ್ಟಿಯಲ್ಲಿ ಬೇರೆ ಬೇರೆ ವರ್ಗಗಳಿದ್ದವು. ಸಂಪರ್ಕವನ್ನು ಗುರುತಿಸುವ ಹಳೆಯ ಆರ್.ಆರ್. ನಂಬರುಗಳ ಮುಂದೆ ಎಇಎಚ್ ಎಂಬ ಅಕ್ಷರಗಳು ಈಗಲೂ ಕಾಣಸಿಗುತ್ತವೆ. ಇನ್ನೊಂದು ತುದಿಯಲ್ಲಿ ಬಡವರ ಮನೆಗೆ ಒಂದೇ ಬಲ್ಬಿನ ಭಾಗ್ಯಜ್ಯೋತಿ ಸಂಪರ್ಕ ಬಂತು. ಇಂದು ಈ ಮೂರೂ ಬಗೆಯ ಮನೆಗಳಲ್ಲಿ ನೀರು ಕಾಯಿಸುವ ಕಾಯಿಲೋ ಗೀಸರೋ ಇದೆ, ಆದರೆ ಎಷ್ಟೋ ಕಡೆ ಗೋಡೆಯೊಳಗಿನ ತಂತಿ ಅಂದಿನದೇ.

ಬೆಂಗಳೂರಿನಲ್ಲಿ ಗೃಹಮಂಡಳಿ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಟ್ಟಿಸಿದ ಹಳೆಯ ಫ್ಲ್ಯಾಟುಗಳು, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕೋರಮಂಗಲದಲ್ಲಿ ಎದ್ದ ಕ್ರೀಡಾಗ್ರಾಮದಂಥ ವಸತಿ ಸಮುಚ್ಚಯಗಳು ಇಂಡಕ್ಷನ್ ಒಲೆ ಮನೆಮನೆಗೆ ಬರುವ ಮೊದಲಿನವು. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು. 2002ರಿಂದ ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳಿಗೆ ಬೆಸ್ಕಾಂ ವಿದ್ಯುತ್ ಹಂಚುತ್ತಿದೆ. ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯೂ ಅದರ ವ್ಯಾಪ್ತಿಯಲ್ಲೇ ಇದೆ.

ಬಿಸಿ ಹೊರೆಯ ಸ್ವಭಾವ

ಎಲ್‌ಇಡಿ ಬಲ್ಬು 9 ವ್ಯಾಟ್, ಸಾಮಾನ್ಯ ಫ್ಯಾನ್ 75 ವ್ಯಾಟ್ ಎಳೆಯುತ್ತವೆ. ಇಮ್ಮರ್ಷನ್ ಕಾಯಿಲ್ 1000ದಿಂದ 1500 ವ್ಯಾಟ್, ಟ್ಯಾಂಕಿನ ಗೀಸರ್ ಸಾಮಾನ್ಯವಾಗಿ 2000 ವ್ಯಾಟ್, 3 ಲೀಟರಿನ ಇನ್‌ಸ್ಟಂಟ್ ಗೀಸರ್ 3000 ವ್ಯಾಟ್, ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ 2000 ವ್ಯಾಟಿನ ಆಸುಪಾಸು. ಅಂದರೆ ಟ್ಯಾಂಕಿನ ಒಂದು ಗೀಸರಿನ ಹೊರೆ ಇಪ್ಪತ್ತಾರು ಫ್ಯಾನುಗಳ ಹೊರೆಗೆ ಸಮ.

25 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 1.1 ಯೂನಿಟ್ ಬೇಕು. 2 ಕಿಲೋವ್ಯಾಟ್ ಗೀಸರಿಗೆ ಇದು 33 ನಿಮಿಷದ ಕೆಲಸ. ದಿನಕ್ಕೆ ಎರಡು ಟ್ಯಾಂಕ್ ಕಾಯಿಸಿದರೆ ತಿಂಗಳಿಗೆ 66 ಯೂನಿಟ್. ಮನೆಗಳಿಗೆ ಉಚಿತ ವಿದ್ಯುತ್ ಕೊಡಲು 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯೊಳಗೆ ಇದು ಹಿಡಿಸುತ್ತದೆ. ಬಿಲ್ ಸೊನ್ನೆ ಬಂತೆಂದು ತಂತಿಯ ಮೇಲಿನ ಹೊರೆಯೂ ಸೊನ್ನೆಯಲ್ಲ. ಯೂನಿಟ್ ಹೇಳುವುದು ಒಟ್ಟು ಬಳಕೆಯನ್ನು. ತಂತಿ ಕಾಯುವುದು ಆ ಕ್ಷಣದಲ್ಲಿ ಹರಿಯುವ ಆಂಪಿಯರ್‌ನಿಂದ.

ಕಟ್ಟಡದ ಎಲ್ಲ ಉಪಕರಣಗಳೂ ಒಟ್ಟಿಗೆ ಓಡುವುದಿಲ್ಲವಾದ್ದರಿಂದ ಎಂಜಿನಿಯರುಗಳು ಲೆಕ್ಕದಲ್ಲಿ ಡೈವರ್ಸಿಟಿ ಎಂಬ ರಿಯಾಯಿತಿ ಕೊಡುತ್ತಾರೆ. ಬ್ರಿಟನ್ನಿನ ವೈರಿಂಗ್ ಮಾರ್ಗಸೂಚಿಯಿಂದ ಬಂದು ಭಾರತದಲ್ಲೂ ಬಳಕೆಯಾಗುವ ಪಟ್ಟಿಯ ಪ್ರಕಾರ ಬಿಡಿ ಮನೆಯ ದೀಪಗಳಿಗೆ ಒಟ್ಟು ಹೊರೆಯ 66 ಶೇಕಡಾ ಹಿಡಿದರೆ ಸಾಕು. ಇನ್‌ಸ್ಟಂಟ್ ಗೀಸರುಗಳಲ್ಲಿ ದೊಡ್ಡವೆರಡನ್ನು ಪೂರ್ತಿಯಾಗಿ, ಉಳಿದವನ್ನು 25 ಶೇಕಡಾದಂತೆ ಎಣಿಸಬಹುದು. ಥರ್ಮೊಸ್ಟಾಟ್ ಇರುವ ಟ್ಯಾಂಕಿನ ಗೀಸರಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಒಮ್ಮೆ ಸ್ವಿಚ್ ಹಾಕಿದರೆ ಅದು ಅರ್ಧ ಗಂಟೆಗೂ ಹೆಚ್ಚು ಕಾಲ ಪೂರ್ತಿ ಹೊರೆ ಎಳೆಯುತ್ತಲೇ ಇರುತ್ತದೆ. ಶಾಲೆಗೂ ಕಚೇರಿಗೂ ಹೊರಡುವ ಮನೆಗಳೆಲ್ಲ ಬೆಳಗ್ಗೆ ಆರರಿಂದ ಎಂಟರೊಳಗೆ ಸ್ನಾನ ಮುಗಿಸುವುದರಿಂದ ಆ ಅರ್ಧ ಗಂಟೆಗಳು ಒಂದರ ಮೇಲೊಂದು ಬೀಳುತ್ತವೆ.

ಸಾಮರ್ಥ್ಯ ನಿರ್ಧರಿಸುವ ಕೊಂಡಿಗಳು

ಟ್ರಾನ್ಸ್‌ಫಾರ್ಮರಿನಿಂದ ಪ್ಲಗ್ ಪಾಯಿಂಟಿನವರೆಗೆ ವಿದ್ಯುತ್ ಹಾದುಬರುವ ಪ್ರತಿಯೊಂದು ಭಾಗಕ್ಕೂ ಅದರದೇ ಮಿತಿಯಿದೆ. ಬೀದಿಯ ಟ್ರಾನ್ಸ್‌ಫಾರ್ಮರ್ (ಜನ ಅದನ್ನು ಟಿಸಿ ಎನ್ನುತ್ತಾರೆ), ಕಂಬದಿಂದ ಬರುವ ಸರ್ವಿಸ್ ತಂತಿ, ಮೀಟರ್ ಬೋರ್ಡಿನ ಮೇನ್ ಸ್ವಿಚ್, ಅಪಾರ್ಟ್‌ಮೆಂಟಾದರೆ ನೆಲಮಹಡಿಯ ಪ್ಯಾನಲ್ಲಿನಿಂದ ಮೇಲೇರುವ ರೈಸಿಂಗ್ ಮೇನ್, ಮನೆಯ ಮೀಟರ್, ಡಿಬಿ ಎಂಬ ಹಂಚಿಕೆ ಪೆಟ್ಟಿಗೆಯ ಎಂಸಿಬಿ, ಗೋಡೆಯೊಳಗಿನ ತಂತಿ, ಕೊನೆಗೆ ಸಾಕೆಟ್: ಇದು ಸರಪಳಿ. ಇವುಗಳಲ್ಲಿ ಅತಿ ದುರ್ಬಲವಾದ ಕೊಂಡಿಯ ಶಕ್ತಿಯೇ ಕಟ್ಟಡದ ನಿಜವಾದ ಸಾಮರ್ಥ್ಯ. ಬಿಲ್ಲಿನಲ್ಲಿ ಮಂಜೂರಾದ ಲೋಡ್ 5 ಕಿಲೋವ್ಯಾಟ್ ಎಂದಿದ್ದರೂ ಬಚ್ಚಲುಮನೆಗೆ ಎಳೆದ ತಂತಿ ತೆಳುವಾಗಿದ್ದರೆ ಆ 5 ಕಿಲೋವ್ಯಾಟ್ ಕಾಗದದ ಮೇಲಷ್ಟೇ ಇರುತ್ತದೆ.

ಹೊರೆ ಮೀರಿದಾಗ ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿಯ ಕೆಲಸ ತಂತಿಯನ್ನು ಕಾಪಾಡುವುದು. ಆದ್ದರಿಂದ ಅದರ ಆಂಪಿಯರ್ ಮಿತಿ ತಂತಿಯ ಮಿತಿಗಿಂತ ಹೆಚ್ಚಿರಬಾರದು. ಗೃಹಬಳಕೆಯ ಎಂಸಿಬಿ ತನ್ನ ಮಿತಿಯ 1.13 ಪಟ್ಟಿನಲ್ಲಿ ಒಂದು ಗಂಟೆಯಾದರೂ ಬೀಳಬಾರದು, 1.45 ಪಟ್ಟಿನಲ್ಲಿ ಒಂದು ಗಂಟೆಯೊಳಗೆ ಬೀಳಲೇಬೇಕು ಎಂಬುದು ಮಾನದಂಡ. ಹಾಗಾಗಿ 16 ಆಂಪಿಯರಿನ ಎಂಸಿಬಿ 20 ಆಂಪಿಯರನ್ನು ಬಹಳ ಹೊತ್ತು ಸಹಿಸಿಕೊಂಡೀತು. ಪದೇ ಪದೇ ಬೀಳುತ್ತದೆಂದು 16ರ ಜಾಗದಲ್ಲಿ 32ರ ಎಂಸಿಬಿ ಕೂರಿಸುವುದು, ಪಿಂಗಾಣಿ ಫ್ಯೂಸಿಗೆ ದಪ್ಪ ತಂತಿ ಕಟ್ಟುವುದು, ಹಳೆಯ ಮನೆಗಳಲ್ಲಿ ಬೆಂಕಿಗೆ ನೇರವಾಗಿ ದಾರಿ ಮಾಡಿಕೊಡುತ್ತವೆ. ಎಂಸಿಬಿ ಬೀಳುವುದು ಲೋಪವಲ್ಲ, ಎಚ್ಚರಿಕೆ.

ಒಂದು ಮನೆಯ ಲೆಕ್ಕ

ಎರಡು ಕೋಣೆಗಳ ಒಂದು ಸಾಮಾನ್ಯ ಫ್ಲ್ಯಾಟನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹತ್ತು ಎಲ್‌ಇಡಿ ದೀಪ 90 ವ್ಯಾಟ್, ನಾಲ್ಕು ಫ್ಯಾನ್ 300, ಫ್ರಿಜ್ 150, ಟಿವಿ 100, ವಾಷಿಂಗ್ ಮಷಿನ್ 400, ಮಿಕ್ಸಿ 750, ಇಸ್ತ್ರಿ ಪೆಟ್ಟಿಗೆ 1000, ಗೀಸರ್ 2000, ಇಂಡಕ್ಷನ್ ಒಲೆ 2000. ಒಟ್ಟು ಜೋಡಣೆಯಾದ ಹೊರೆ 6790 ವ್ಯಾಟ್. ಇದಷ್ಟೂ ಒಟ್ಟಿಗೆ ಓಡುವುದಿಲ್ಲ. ಬೆಳಗ್ಗೆ ಏಳರ ಹೊತ್ತಿಗೆ ಗೀಸರ್ ಕಾಯುತ್ತಿದೆ, ಒಲೆಯ ಮೇಲೆ ಅನ್ನಕ್ಕಿಟ್ಟಿದೆ, ಚಟ್ನಿಗೆ ಮಿಕ್ಸಿ ತಿರುಗುತ್ತಿದೆ, ಫ್ರಿಜ್ ಓಡುತ್ತಿದೆ, ದೀಪ ಮತ್ತು ಫ್ಯಾನ್ ಸೇರಿ 250 ವ್ಯಾಟ್ ಎಂದಿಟ್ಟುಕೊಂಡರೆ ಆ ಕ್ಷಣದ ಬೇಡಿಕೆ 5150 ವ್ಯಾಟ್. 230 ವೋಲ್ಟಿನಲ್ಲಿ ಇದು 22.4 ಆಂಪಿಯರ್. ಆ ಮನೆಗೆ ಮಂಜೂರಾದದ್ದು 3 ಕಿಲೋವ್ಯಾಟ್ ಆಗಿದ್ದರೆ ಅದಕ್ಕೆ ಸಲ್ಲುವುದು 13 ಆಂಪಿಯರ್ ಮಾತ್ರ.

ಇಲ್ಲಿ ಎರಡು ದಾರಿಗಳಿವೆ. ಒಂದು, ಮಂಜೂರಾದ ಲೋಡನ್ನು ಏರಿಸಿ, ಅದಕ್ಕೆ ತಕ್ಕಂತೆ ಮೇನ್ ತಂತಿಯನ್ನೂ ಗೀಸರಿನ ಪ್ರತ್ಯೇಕ ಸರ್ಕ್ಯೂಟನ್ನೂ ಹೊಸದಾಗಿ ಎಳೆಸುವುದು. ಎರಡು, ಗೀಸರ್ ಮತ್ತು ಇಂಡಕ್ಷನ್ ಒಲೆ ಒಟ್ಟಿಗೆ ಓಡದಂತೆ ನೋಡಿಕೊಳ್ಳುವುದು. ಎರಡನೆಯದರಿಂದ ಬೇಡಿಕೆ 3150 ವ್ಯಾಟಿಗೆ ಇಳಿಯುತ್ತದೆ. ಆದರೂ 3 ಕಿಲೋವ್ಯಾಟಿಗಿಂತ ತುಸು ಹೆಚ್ಚೇ ಇರುವುದರಿಂದ ಲೋಡ್ ಏರಿಸುವುದು ಅನಿವಾರ್ಯ. ಆದರೆ 6ಕ್ಕೆ ಏರಿಸಬೇಕಿಲ್ಲ, 4 ಸಾಕು. ನಿಗದಿತ ಶುಲ್ಕ ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ಬೀಳುವುದರಿಂದ ಈ ವ್ಯತ್ಯಾಸ ಪ್ರತಿ ತಿಂಗಳ ಬಿಲ್ಲಿನಲ್ಲೂ ಕಾಣುತ್ತದೆ.

ಇಡೀ ಕಟ್ಟಡದ ಲೆಕ್ಕ

ಅಪಾರ್ಟ್‌ಮೆಂಟಿನಲ್ಲಿ ಸಾಮರ್ಥ್ಯವೆಂಬುದು ಸಾಮೂಹಿಕ ಆಸ್ತಿ. ಒಂದು ಫ್ಲ್ಯಾಟಿನವರು ತಮ್ಮ ಮೀಟರಿನ ಮಟ್ಟಿಗೆ ಲೆಕ್ಕ ಸರಿ ಮಾಡಿಕೊಂಡರೂ ರೈಸಿಂಗ್ ಮೇನ್ ಎಲ್ಲರದು. ಹಾಗಾಗಿ ಮೊದಲ ಕೆಲಸ, ಈಗಿನ ಬೇಡಿಕೆಯನ್ನು ಅಳೆಯುವುದು. ಬಿಡಿ ಮೀಟರುಗಳಲ್ಲಿ ದಾಖಲಾಗುವ ಗರಿಷ್ಠ ಬೇಡಿಕೆಗಳು ಬೇರೆ ಬೇರೆ ಗಳಿಗೆಯವು. ಅವನ್ನು ಕೂಡಿದರೆ ಕಟ್ಟಡದ ಬೇಡಿಕೆ ಸಿಗುವುದಿಲ್ಲ. ಮುಖ್ಯ ಪ್ಯಾನಲ್ಲಿನ ಮೂರೂ ಫೇಸುಗಳಿಗೆ ಲಾಗರ್ ಜೋಡಿಸಿ ಚಳಿಗಾಲದ ಕೆಲವು ವಾರ ದಾಖಲಿಸುವುದು ಸರಿಯಾದ ಕ್ರಮ. ಅಮೆರಿಕದ ವಿದ್ಯುತ್ ಸಂಹಿತೆ ಹಳೆಯ ಕಟ್ಟಡಗಳಿಗೆ ಹೇಳುವುದೂ ಇದನ್ನೇ: ಒಂದು ವರ್ಷದ ದಾಖಲೆಯಲ್ಲಿ ಕಂಡ ಗರಿಷ್ಠ ಬೇಡಿಕೆಗೆ 25 ಶೇಕಡಾ ಸೇರಿಸಿ, ಅದರ ಮೇಲೆ ಹೊಸ ಹೊರೆಯನ್ನು ಕೂಡಿ, ಆ ಮೊತ್ತ ಸರ್ವಿಸ್ಸಿನ ಮಿತಿಯೊಳಗೆ ಇದೆಯೇ ನೋಡಬೇಕು.

ನಾಲ್ಕು ಅಂತಸ್ತಿನ, ಹದಿನಾರು ಮನೆಗಳ, 63 ಆಂಪಿಯರ್ ತ್ರೀ ಫೇಸ್ ಮೇನ್ ಇರುವ ಕಟ್ಟಡವೊಂದನ್ನು ಊಹಿಸಿಕೊಳ್ಳೋಣ. ಗೀಸರುಗಳಿಲ್ಲದ ಗರಿಷ್ಠ ಬೇಡಿಕೆ 18 ಕಿಲೋವ್ಯಾಟ್ ಎಂದು ಅಳತೆಯಲ್ಲಿ ಬಂದರೆ, 25 ಶೇಕಡಾ ಸೇರಿಸಿ 22.5. ಪ್ರತಿ ಮನೆಗೂ 2 ಕಿಲೋವ್ಯಾಟ್ ಗೀಸರ್ ಎಂದರೆ ಇನ್ನೂ 32. ಒಟ್ಟು 54.5 ಕಿಲೋವ್ಯಾಟ್. ಮೂರು ಫೇಸಿಗೆ ಸಮನಾಗಿ ಹಂಚಿದರೂ ಪ್ರತಿ ಫೇಸಿಗೆ 79 ಆಂಪಿಯರ್ ಬೀಳುತ್ತದೆ. ಆದರೆ ಹದಿನಾರು ಮನೆಗಳು ಮೂರು ಫೇಸಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ, ಒಂದು ಫೇಸಿಗೆ ಆರು ಮನೆ ಬರುತ್ತವೆ. ಆ ಫೇಸಿನಲ್ಲಿ ಗೀಸರುಗಳ 12 ಕಿಲೋವ್ಯಾಟ್, ಉಳಿದ ಬಳಕೆಯ 8.4 ಸೇರಿ 20.4 ಕಿಲೋವ್ಯಾಟ್, ಅಂದರೆ 89 ಆಂಪಿಯರ್. 63ರ ಮೇನಿಗೆ ಇದು ತಾಳಲಾಗದ ಹೊರೆ.

ಇದೇ ಫೇಸಿನ ಆರು ಮನೆಗಳು ಮೂರು ಮೂರರಂತೆ ಸರದಿಯಲ್ಲಿ ಗೀಸರ್ ಹಾಕಿದರೆ ಹರಿವು 63 ಆಂಪಿಯರಿಗೆ ಇಳಿಯುತ್ತದೆ. ಇದು ಮಿತಿಯ ಅಂಚಿನಲ್ಲೇ ನಿಲ್ಲುವ ಅಂಕಿ, ನೆಚ್ಚಿಕೊಳ್ಳುವಂಥದ್ದಲ್ಲ. ಎರಡೆರಡು ಮನೆಗಳಂತೆ ಮೂರು ಸರದಿ ಮಾಡಿದರೆ 54 ಆಂಪಿಯರ್. ಮೇನನ್ನು ಬದಲಿಸದೆಯೇ ಎಲ್ಲರಿಗೂ ಬಿಸಿನೀರು ಸಿಗುತ್ತದೆ. ಟೈಮರ್ ಸ್ವಿಚ್ ಇದ್ದರೆ ಯಾರೂ ಗಡಿಯಾರ ನೋಡುತ್ತ ಕೂರಬೇಕಿಲ್ಲ.

ಫೇಸುಗಳ ಅಸಮತೋಲನದಿಂದ ನ್ಯೂಟ್ರಲ್ ತಂತಿಯ ಮೇಲೂ ಹೊರೆ ಬೀಳುತ್ತದೆ. ಹಳೆಯ ಪ್ಯಾನಲ್ಲಿನಲ್ಲಿ ನ್ಯೂಟ್ರಲ್ ಜೋಡಣೆ ಕಾದು ಸಡಿಲವಾಗಿ ಕಳಚಿದರೆ ಕೆಲವು ಮನೆಗಳಿಗೆ 230 ವೋಲ್ಟಿನ ಬದಲು 400ರ ಸಮೀಪದ ವೋಲ್ಟೇಜ್ ನುಗ್ಗಬಹುದು. ಆದ್ದರಿಂದ ಹೊರೆ ಸೇರಿಸುವ ಮುನ್ನ ಪ್ಯಾನಲ್ಲಿನ ಪ್ರತಿ ಜೋಡಣೆಯನ್ನೂ ತೆರೆದು ನೋಡಿ ಬಿಗಿಗೊಳಿಸುವುದು ಲೆಕ್ಕದಷ್ಟೇ ಮುಖ್ಯ.

ಗೋಡೆಯೊಳಗಿನ ಹಳೆಯ ತಂತಿ

ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಓಡಿಸಿದ ವೈರಿಂಗ್, ಕೇಸಿಂಗ್ ಕ್ಯಾಪಿಂಗ್, ಅಲ್ಯೂಮಿನಿಯಂ ತಂತಿ ಇವೆಲ್ಲ ಸಾಮಾನ್ಯ. ತಾಮ್ರದಷ್ಟೇ ಕರೆಂಟ್ ಒಯ್ಯಲು ಅಲ್ಯೂಮಿನಿಯಂ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 1.6 ಪಟ್ಟು ಇರಬೇಕು. ಡಿಬಿಯಿಂದ ಬಚ್ಚಲುಮನೆಗೆ 15 ಮೀಟರ್ ದೂರ, ಗೀಸರ್ 8.7 ಆಂಪಿಯರ್ ಎಂದಿಟ್ಟುಕೊಂಡರೆ, 2.5 ಚದರ ಮಿಲಿಮೀಟರಿನ ತಾಮ್ರದಲ್ಲಿ ನಷ್ಟವಾಗುವುದು 2 ವೋಲ್ಟಿಗಿಂತ ಕಡಿಮೆ, ತಂತಿಯುದ್ದಕ್ಕೂ ಹರಡುವ ಬಿಸಿ ಸುಮಾರು 17 ವ್ಯಾಟ್. ಅದೇ ಜಾಗದಲ್ಲಿ 1.5ರ ಅಲ್ಯೂಮಿನಿಯಂ ಇದ್ದರೆ ನಷ್ಟ 4.7 ವೋಲ್ಟ್, ಬಿಸಿ 41 ವ್ಯಾಟ್. ಅಪಾಯ ಹೆಚ್ಚಾಗಿ ಇರುವುದು ತಂತಿಯ ಉದ್ದದಲ್ಲಲ್ಲ, ಜೋಡಣೆಗಳಲ್ಲಿ. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ. ಕಾದು ಹಿಗ್ಗಿ ಆರಿ ಕುಗ್ಗುವಾಗ ಸ್ಕ್ರೂ ಸಡಿಲವಾಗುತ್ತದೆ. ತಾಮ್ರದ ತಂತಿಯೊಡನೆ ನೇರವಾಗಿ ಹೆಣೆದ ಕಡೆ ಸವಕಳಿ ಹೆಚ್ಚು. ಸಾಕೆಟ್ಟಿನ ಸುತ್ತ ಹಳದಿಯೋ ಕಪ್ಪೋ ಕಲೆ, ಪ್ಲಗ್ ಕೀಳುವಾಗ ಕೈಗೆ ಬಿಸಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ: ಇವುಗಳಲ್ಲಿ ಒಂದು ಕಂಡರೂ ಆ ಪಾಯಿಂಟನ್ನು ಬಳಸಬಾರದು.

ಗೀಸರಿಗೆ 16 ಆಂಪಿಯರಿನ ಸಾಕೆಟ್, ಬೇರೆ ಯಾವುದಕ್ಕೂ ಹಂಚದ ಪ್ರತ್ಯೇಕ ತಂತಿ, ತನ್ನದೇ ಎಂಸಿಬಿ ಬೇಕು. 3 ಕಿಲೋವ್ಯಾಟಿನ ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರ ಹಾಕಿದರೆ ನಿಶ್ಚಿಂತೆ. ಅದಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ದೀಪಕ್ಕೆಂದು ಎರಡೇ ತಂತಿ ಎಳೆದ ಹಳೆಯ ಮನೆಗಳಲ್ಲಿ ಮೂರನೆಯ ತಂತಿಯೇ ಇರುವುದಿಲ್ಲ. ಮೂರು ಪಿನ್ನಿನ ಸಾಕೆಟ್ ಕೂರಿಸಿದ ಮಾತ್ರಕ್ಕೆ ಅರ್ಥ್ ಬಂದುಬಿಡುವುದಿಲ್ಲ. ನೀರು, ಬರಿಗಾಲು ಮತ್ತು ಅರ್ಥ್ ಇಲ್ಲದ ಕಾಯಿಲ್ ಒಂದೇ ಜಾಗದಲ್ಲಿ ಸೇರುವುದು ಪ್ರಾಣಕ್ಕೆ ಎರವು. ನೆಲಕ್ಕೆ ಸೋರುವ ಕರೆಂಟ್ ಕಂಡೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನು ಬಚ್ಚಲುಮನೆಯ ಸರ್ಕ್ಯೂಟಿಗೆ ಹಾಕಿಸುವುದು ಸಾಮರ್ಥ್ಯದ ಲೆಕ್ಕಕ್ಕಿಂತ ಮೊದಲು ಆಗಬೇಕಾದ ಕೆಲಸ.

ಉಯ್ಯಂಬಳ್ಳಿ ಸೀಮೆಯಲ್ಲಿ

ಉಯ್ಯಂಬಳ್ಳಿ ಹೋಬಳಿ ಕನಕಪುರ ತಾಲ್ಲೂಕಿನ ದಕ್ಷಿಣ ಭಾಗದಲ್ಲಿದೆ. 2025ರಲ್ಲಿ ಈ ತಾಲ್ಲೂಕು ಸೇರಿದ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಬಂತು. ಇಂಥ ಹೋಬಳಿಗಳಲ್ಲಿ ಲೆಕ್ಕ ಶುರುವಾಗಬೇಕಾದದ್ದು ಊರ ಟಿಸಿಯಿಂದ. ಹಳ್ಳಿಗಳಲ್ಲಿ 25, 63, 100 ಕೆವಿಎ ಟಿಸಿಗಳು ಸಾಮಾನ್ಯ. 63 ಕೆವಿಎ ಟಿಸಿ ಪ್ರತಿ ಫೇಸಿಗೆ 84 ಆಂಪಿಯರ್ ಕೊಡಬಲ್ಲದು. ಬೇರೆ ಯಾವ ಬಳಕೆಯೂ ಇಲ್ಲ, ಮೂರೂ ಫೇಸ್ ಸಮವಾಗಿವೆ ಎಂದು ಹಿಡಿದರೂ 2 ಕಿಲೋವ್ಯಾಟಿನ 31 ಗೀಸರುಗಳಿಗೆ ಅದರ ಶಕ್ತಿ ಮುಗಿಯುತ್ತದೆ. ಸೌದೆ ಒಲೆಯಿಂದ ಗೀಸರಿಗೆ ಊರಿಗೆ ಊರೇ ಬದಲಾಗುವುದೆಂದರೆ ಟಿಸಿಯ ಲೆಕ್ಕವನ್ನೂ ಹೊಸದಾಗಿ ಹಾಕಬೇಕೆಂದೇ ಅರ್ಥ.

ಉದ್ದ ಲೈನಿನ ಕೊನೆಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಬಿಸಿ ಉಪಕರಣದ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 190 ವೋಲ್ಟ್ ಬಂದರೆ 2000 ವ್ಯಾಟಿನ ಗೀಸರ್ 1365 ವ್ಯಾಟಿಗೆ ಬರುತ್ತದೆ. 33 ನಿಮಿಷದಲ್ಲಿ ಕಾಯುವ ನೀರಿಗೆ 48 ನಿಮಿಷ ಬೇಕಾಗುತ್ತದೆ. ಒಬ್ಬರ ಗೀಸರ್ ಆರುವ ಮೊದಲೇ ಇನ್ನೊಬ್ಬರದು ಹತ್ತುತ್ತದೆ, ಹೊರೆಗಳು ಇನ್ನಷ್ಟು ಹೆಣೆದುಕೊಳ್ಳುತ್ತವೆ, ವೋಲ್ಟೇಜ್ ಏರಲು ಎಡೆಯೇ ಸಿಗುವುದಿಲ್ಲ. ಪಂಪ್‌ಸೆಟ್ಟುಗಳ ಲೈನನ್ನು ಮನೆಗಳ ಲೈನಿನಿಂದ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆ ಬಂದ ಊರುಗಳಲ್ಲಿ ಮನೆಯ ಕರೆಂಟಿಗೂ ಬೋರ್‌ವೆಲ್ ಮೋಟಾರಿಗೂ ಒಂದೇ ಲೈನಿನ ಹಂಗು ತಪ್ಪಿತು. ಟಿಸಿಯಿಂದ ಮನೆಯವರೆಗಿನ ತಂತಿಯ ಲೆಕ್ಕ ಮಾತ್ರ ಹಾಗೇ ಉಳಿಯುತ್ತದೆ.

ಈ ಸೀಮೆಯಲ್ಲಿ ನೀರಿನಷ್ಟೇ ಮುಖ್ಯವಾದ ಬಿಸಿ ರೇಷ್ಮೆ ಹುಳುವಿನದು. ಚಾಕಿ, ಅಂದರೆ ಎಳೆಯ ಹುಳುವಿಗೆ 27ರಿಂದ 28 ಡಿಗ್ರಿ ಶಾಖ ಬೇಕು. ಜ್ವರಗಳನ್ನು, ಅಂದರೆ ಪೊರೆ ಬಿಡುವ ಹಂತಗಳನ್ನು, ದಾಟಿ ಬೆಳೆದಂತೆ ಅದು ಇಳಿಯುತ್ತ ಕೊನೆಯ ಹಂತಕ್ಕೆ 24 ಡಿಗ್ರಿ ಸಾಕಾಗುತ್ತದೆ. ಮಾಗಿ ಚಳಿಯ ರಾತ್ರಿಗಳಲ್ಲಿ ಹಳೆಯ ಮನೆಯ ಒಂದು ಕೋಣೆಯನ್ನೇ ಚಾಕಿಗೆ ಬಿಟ್ಟು ಹೀಟರ್ ಇಡುವವರಿದ್ದಾರೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ಗೋಡೆ ಮತ್ತು ಮಾಳಿಗೆ ಸೇರಿ 54 ಚದರ ಮೀಟರ್. ಪ್ರತಿ ಚದರ ಮೀಟರಿನಿಂದ, ಒಳಹೊರಗಿನ ಪ್ರತಿ ಡಿಗ್ರಿ ಅಂತರಕ್ಕೆ ಸರಾಸರಿ 2.5 ವ್ಯಾಟ್ ಸೋರುತ್ತದೆಂದು ಹಿಡಿದರೆ, ಹೊರಗಿಗಿಂತ 10 ಡಿಗ್ರಿ ಹೆಚ್ಚು ಕಾಪಾಡಲು 1350 ವ್ಯಾಟ್ ನಿರಂತರವಾಗಿ ಬೇಕು. ಹೆಂಚಿನ ಮನೆಯಾದರೆ ಇನ್ನೂ ಹೆಚ್ಚು. ಹತ್ತು ಗಂಟೆಯ ರಾತ್ರಿಗೆ 13.5 ಯೂನಿಟ್. ಗೀಸರಿನಂತೆ ಅರ್ಧ ಗಂಟೆಗೆ ಆರದೆ ರಾತ್ರಿಯಿಡೀ ಎಳೆಯುವ ಈ ಹೊರೆಗೆ ತಂತಿಯನ್ನೂ ಸಾಕೆಟ್ಟನ್ನೂ ಒಂದು ಅಳತೆ ಹೆಚ್ಚಿನದನ್ನೇ ಆರಿಸಬೇಕು. ಮಾಳಿಗೆಯ ಕೆಳಗೆ ಒಳಸೂರು ಕಟ್ಟಿ, ಕಿಟಕಿಯ ಸಂದು ಮುಚ್ಚಿ ಸೋರಿಕೆ ತಗ್ಗಿಸಿದರೆ ಹೀಟರಿನ ಗಾತ್ರವೂ ತಗ್ಗುತ್ತದೆ.

ಮಂಜೂರಾತಿ ಮತ್ತು ನಿಯಮ

ಕರ್ನಾಟಕದಲ್ಲಿ 5 ಕಿಲೋವ್ಯಾಟ್‌ವರೆಗೆ ಸಿಂಗಲ್ ಫೇಸ್, ಅದರಾಚೆಗೆ ತ್ರೀ ಫೇಸ್ ಸಂಪರ್ಕ ಎಂಬುದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಪೂರೈಕೆ ಷರತ್ತುಗಳ ಸಾಮಾನ್ಯ ಕ್ರಮ. ಹೆಚ್ಚುವರಿ ಲೋಡಿಗೆ ಬೆಸ್ಕಾಂ ಉಪವಿಭಾಗದಲ್ಲಿ ಅರ್ಜಿ ಹಾಕಬೇಕು. ಪರವಾನಗಿ ಪಡೆದ ಗುತ್ತಿಗೆದಾರರು ಕೊಡುವ ವೈರಿಂಗ್ ಕಂಪ್ಲೀಷನ್ ರಿಪೋರ್ಟ್ ಮತ್ತು ಹೆಚ್ಚುವರಿ ಠೇವಣಿ ಅದರ ಭಾಗ. ವೈರಿಂಗಿಗೆ ಐಎಸ್ 732, ಅರ್ಥಿಂಗಿಗೆ ಐಎಸ್ 3043, ತಂತಿಗೆ ಐಎಸ್ 694, ಟ್ಯಾಂಕಿನ ಗೀಸರಿಗೆ ಐಎಸ್ 2082 ಭಾರತೀಯ ಮಾನದಂಡಗಳು. ಮಂಜೂರಾದುದಕ್ಕಿಂತ ಹೆಚ್ಚು ಎಳೆಯುವ ಮನೆಗಳು ಅರ್ಜಿ ಹಾಕದೆ ಸುಮ್ಮನಿದ್ದರೆ ನಿಗದಿತ ಶುಲ್ಕ ಉಳಿದೀತು. ಆದರೆ ಆ ಹೊರೆ ಯಾವ ಪಟ್ಟಿಯಲ್ಲೂ ಕಾಣದೆ, ಬೀದಿಯ ಟಿಸಿ ಬದಲಿಸುವ ಕಾರಣ ಕಚೇರಿಯವರಿಗೆ ತಿಳಿಯುವುದೇ ಇಲ್ಲ. ನಷ್ಟ ಇಡೀ ಬೀದಿಯದು.

ಹೊರೆ ತಗ್ಗಿಸುವ ದಾರಿಗಳು

ತಂತಿ ಬದಲಿಸುವುದಕ್ಕಿಂತ ಹೊರೆಯನ್ನೇ ತಗ್ಗಿಸುವುದು ಹಲವೆಡೆ ಅಗ್ಗ. ಸೋಲಾರ್ ವಾಟರ್ ಹೀಟರ್ ಇದರಲ್ಲಿ ಮೊದಲನೆಯದು. 2007ರಿಂದ ಕರ್ನಾಟಕದಲ್ಲಿ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಅದು ಕಡ್ಡಾಯವಾಯಿತು. ಬಳಸುವವರಿಗೆ ಬಹುಕಾಲ ಯೂನಿಟ್ಟಿಗೆ 50 ಪೈಸೆಯ ರಿಯಾಯಿತಿಯೂ ಸಿಗುತ್ತಿತ್ತು. 2007ಕ್ಕೂ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ತಾರಸಿ ಎಲ್ಲರದಾದ್ದರಿಂದ, ಕೆಳಮಹಡಿಗೆ ಕೊಳವೆ ಇಳಿಸುವಷ್ಟರಲ್ಲಿ ನೀರು ಆರುವುದರಿಂದ, ಸಂಘದ ಒಮ್ಮತ ಮತ್ತು ಹೊದಿಕೆಯುಳ್ಳ ಕೊಳವೆ ಎರಡೂ ಬೇಕು. ಹೀಟ್ ಪಂಪ್ ಅದೇ ನೀರನ್ನು ಸುಮಾರು ಮೂರನೇ ಒಂದರಷ್ಟು ವಿದ್ಯುತ್ತಿನಲ್ಲಿ ಕಾಯಿಸುತ್ತದೆ. ಗೀಸರಿನ ಥರ್ಮೊಸ್ಟಾಟನ್ನು 60ರಿಂದ 50 ಡಿಗ್ರಿಗೆ ಇಳಿಸಿದರೆ 33 ನಿಮಿಷ 24ಕ್ಕೆ ಇಳಿಯುತ್ತದೆ, ಅಷ್ಟರ ಮಟ್ಟಿಗೆ ಸರದಿಗಳ ನಡುವೆ ಜಾಗ ಸಿಗುತ್ತದೆ. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರಿಗಿಂತ ಟ್ಯಾಂಕಿನ 2 ಕಿಲೋವ್ಯಾಟಿನದು ಹಳೆಯ ತಂತಿಗೆ ಹಿತ, ಅದನ್ನು ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ಮೊದಲೇ ಕಾಯಿಸಿ ಇಡಲೂಬಹುದು. ಬ್ರಿಟನ್ನಿನಲ್ಲಿ 1978ರಲ್ಲಿ ಬಂದ ಎಕಾನಮಿ 7 ದರವು ರಾತ್ರಿಯ ಏಳು ಗಂಟೆಗಳ ವಿದ್ಯುತ್ತನ್ನು ಅಗ್ಗ ಮಾಡಿ, ಮನೆಗಳ ಬಿಸಿ ಹೊರೆಯನ್ನು ಇದೇ ತತ್ವದ ಮೇಲೆ ರಾತ್ರಿಗೆ ಸರಿಸಿತು.

ಹಳೆಯ ಕಟ್ಟಡದ ಪ್ರತಿ ಸಂಘವೂ ಒಂದು ದಾಖಲೆ ಇಟ್ಟುಕೊಳ್ಳುವುದು ಉತ್ತಮ: ಯಾವ ಮನೆ ಯಾವ ಫೇಸಿನಲ್ಲಿದೆ, ಯಾವ ತಂತಿ ಯಾವ ವರ್ಷ ಬದಲಾಯಿತು, ಮೇನಿನ ಮಿತಿ ಎಷ್ಟು, ಚಳಿಗಾಲದಲ್ಲಿ ಅಳೆದ ಗರಿಷ್ಠ ಹರಿವು ಎಷ್ಟು. ಹೊಸ ಗೀಸರ್ ತರುವ ಪ್ರತಿ ಮನೆಯವರೂ ಈ ಪುಟವನ್ನು ಮೊದಲು ನೋಡುವಂತಾದರೆ, ಒಬ್ಬರ ಬಿಸಿನೀರಿಗೆ ಇಡೀ ಕಟ್ಟಡ ಬೆಲೆ ತೆರಬೇಕಾಗುವುದಿಲ್ಲ.